ಸಿಂಫನಿ ವೇದಿಕೆಯಲ್ಲಿ ಜಾಝ್: ಪರ–ವಿರೋಧ

1920ರ ದಶಕದಲ್ಲಿ, ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಸಂಗೀತವನ್ನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದೊಂದಿಗೆ ಬೆಸೆಯಲು ನಡೆದ ಪ್ರಯತ್ನಗಳು ಜಾಝ್‌ಗೆ ನ್ಯಾಯ ಸಲ್ಲಿಸಿದವೇ?

ಪರ

1924ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಏಯೋಲಿಯನ್ ಹಾಲ್‌ನಲ್ಲಿ ಪಾಲ್ ವೈಟ್‌ಮನ್ ಅವರ ನೃತ್ಯವೃಂದವು ಜಾರ್ಜ್ ಗರ್ಶ್ವಿನ್ ಅವರ ‘ರಾಪ್ಸೊಡಿ ಇನ್ ಬ್ಲೂ’ ಕೃತಿಯನ್ನು ಮೊದಲ ಬಾರಿಗೆ ನುಡಿಸಿತು. ಆರಂಭದ ಕ್ಲಾರಿನೆಟ್ ಭಾಗವನ್ನು ಗರ್ಶ್ವಿನ್ ಬಿಡಿಬಿಡಿ ಸ್ವರಗಳ ಏರಿಕೆಯಾಗಿಯೇ ಬರೆದಿದ್ದರು; ತಾಲೀಮಿನಲ್ಲಿ ವೃಂದದ ಕ್ಲಾರಿನೆಟ್ ವಾದಕ ರಾಸ್ ಗೋರ್ಮನ್ ಅದನ್ನು ಒಂದೇ ಎಳೆತದಲ್ಲಿ, ನಗುವಂತೆಯೂ ಅಳುವಂತೆಯೂ ಜಾರಿಸಿ ನುಡಿಸಿದಾಗ, ಹಾಗೆಯೇ ಇರಲೆಂದರು. ಪಿಯಾನೋದ ಕೆಲವು ಭಾಗಗಳನ್ನಂತೂ ಬರೆದೇ ಇರಲಿಲ್ಲ. ತಾವೇ ಪಿಯಾನೋ ನುಡಿಸುತ್ತಿದ್ದ ಗರ್ಶ್ವಿನ್ ತಲೆಯಾಡಿಸುವವರೆಗೆ ವೃಂದ ಕಾಯಬೇಕಿತ್ತು. ನೃತ್ಯವೃಂದದ ವಾದಕನೊಬ್ಬನ ವರಸೆ ಬರೆದ ಸ್ವರವನ್ನೇ ತಿದ್ದಿದ್ದನ್ನು ಕೇವಲ ಅಲಂಕಾರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಫ್ರಾನ್ಸಿನ ಸಂಯೋಜಕ ದಾರಿಯುಸ್ ಮಿಯೋ 1922ರಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ಗೆ ಹೋಗಿ ಜಾಝ್ ಕೇಳಿದವರು. ಮರುವರ್ಷದ ಅವರ ಬ್ಯಾಲೆ ಸಂಗೀತದಲ್ಲಿ ವಯೋಲಾದ ಜಾಗಕ್ಕೆ ಸ್ಯಾಕ್ಸೋಫೋನ್ ಬಂದಿತು, ಒಂದೇ ಎಳೆಯನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ‘ಫ್ಯೂಗ್’ ರಚನೆಗೆ ಜಾಝ್‌ನ ಲಯವೇ ವಸ್ತುವಾಯಿತು. ಈ ದಾರಿಯ ನಿಜವಾದ ಫಲ 1931ರಲ್ಲಿ ರಾಚೆಸ್ಟರ್‌ನಲ್ಲಿ ಮೊದಲು ಕೇಳಿಬಂದ ವಿಲಿಯಂ ಗ್ರಾಂಟ್ ಸ್ಟಿಲ್ ಅವರ ‘ಆಫ್ರೋ-ಅಮೆರಿಕನ್ ಸಿಂಫನಿ’. ಕಪ್ಪು ಜನಾಂಗದ ಈ ಸಂಯೋಜಕರು ಕಪ್ಪು ಜನರ ಹಾಡಿನ ಪ್ರಕಾರವಾದ ಬ್ಲೂಸ್‌ನ ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಚೌಕಟ್ಟನ್ನೇ ಸಿಂಫನಿಗೆ ಅಡಿಪಾಯವಾಗಿಸಿದರು, ಬ್ಯಾಂಜೋವನ್ನೂ ವೃಂದದೊಳಗೆ ಕೂರಿಸಿದರು.

ವಿರೋಧ

ವೈಟ್‌ಮನ್ ತಮ್ಮ ಕಾರ್ಯಕ್ರಮವನ್ನು ಜೋಡಿಸಿದ ಕ್ರಮವೇ ಅವರ ಆಲೋಚನೆಯನ್ನು ಹೇಳುತ್ತದೆ. ಮೊದಲಿಗೆ ‘ಲಿವರಿ ಸ್ಟೇಬಲ್ ಬ್ಲೂಸ್’ ಎಂಬ ಹಳೆಯ ಜಾಝ್ ರಚನೆ ನುಡಿಸಿ, ಜಾಝ್ ಹಿಂದೆ ಎಷ್ಟು ಒರಟಾಗಿತ್ತೆಂದು ತೋರಿಸಿ, ಬಳಿಕ ಅದನ್ನು ಸಂಸ್ಕರಿಸಿ ಒಪ್ಪಿಸುವುದು ಅವರ ಉದ್ದೇಶವಾಗಿತ್ತು. ತಿದ್ದಿ ತೀಡಿದರೆ ಮಾತ್ರ ಕಲೆಯಾಗುವ ಕಚ್ಚಾ ಸರಕೆಂದು ಜಾಝ್ ಅನ್ನು ಕಂಡ ಈ ದೃಷ್ಟಿಯನ್ನು ನಾನು ಒಪ್ಪಲಾರೆ.

ವಾದಕ ಆ ಕ್ಷಣದಲ್ಲೇ ಹೊಸದಾಗಿ ಕಟ್ಟಿ ನುಡಿಸುವ ಮನೋಧರ್ಮವೇ ಜಾಝ್‌ನ ಜೀವ. ಸ್ವರಲಿಪಿಯಲ್ಲಿ ಸ್ವರ ಉಳಿಯುತ್ತದೆ, ಆದರೆ ತಾಳದ ಗಳಿಗೆಯನ್ನು ತುಸು ಹಿಂದೆ ಮುಂದೆ ಎಳೆಯುವ ಸ್ವಿಂಗ್ ಉಳಿಯುವುದಿಲ್ಲ. ‘ರಾಪ್ಸೊಡಿ ಇನ್ ಬ್ಲೂ’ ಇಂದು ಎಷ್ಟೋ ವೃಂದಗಳ ಕೈಯಲ್ಲಿ ಬಿಗಿದುಕೊಂಡಂತೆ ಕೇಳುವುದು ಇದರಿಂದಲೇ. ವೈಟ್‌ಮನ್ ವೃಂದದಲ್ಲಿದ್ದವರೆಲ್ಲ ಬಿಳಿಯರೆಂಬುದನ್ನೂ ಮರೆಯಬಾರದು. ಹಾರ್ಲೆಮ್‌ನ ಮಹಾನ್ ಪಿಯಾನೋ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ‘ಯಾಮೆಕ್ರಾ’ 1928ರಲ್ಲಿ ನ್ಯೂಯಾರ್ಕಿನ ಪ್ರತಿಷ್ಠಿತ ಕಾರ್ನೆಗಿ ಹಾಲ್ ತಲುಪಿತಾದರೂ, ಅವರ ಸಿಂಫನಿ ರಚನೆಗಳಿಗೆ ಗರ್ಶ್ವಿನ್ ಕೃತಿಗೆ ದೊರೆತಂಥ ಅವಕಾಶ ಎಂದೂ ದೊರೆಯಲಿಲ್ಲ.

ಅದೇ 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ‘ವೆಸ್ಟ್ ಎಂಡ್ ಬ್ಲೂಸ್’ ಧ್ವನಿಮುದ್ರಿಸಿದರು. ಸುಮಾರು ಮೂರು ನಿಮಿಷಗಳ ಆ ಧ್ವನಿಮುದ್ರಿಕೆಯ ಆರಂಭದಲ್ಲಿ ಅವರ ಟ್ರಂಪೆಟ್ ಪಕ್ಕವಾದ್ಯವಿಲ್ಲದೆ, ಒಂಟಿಯಾಗಿ ಏರಿ ಇಳಿಯುತ್ತದೆ. ಆ ಕೆಲವೇ ಕ್ಷಣಗಳಲ್ಲಿರುವ ರಚನೆಯ ಬಿಗಿ ಯಾವ ಸಿಂಫನಿ ವೃಂದದ ಆಸರೆಯನ್ನೂ ಬೇಡುವುದಿಲ್ಲ.