ಮಂಗ ಹದಿನಾರೋ, ನಲವತ್ತೆಂಟೋ?

ನಮ್ಮ ಭಾವ ಕೋಳಿಗಳಿಗೆ ಬೇಲಿ ಕಟ್ಟಲು 20 ಮೀಟರ್ ತಂತಿ ಜಾಲರಿ ತಂದರು. ಆಯತಾಕಾರ ಇರಬೇಕು, ಒಳಗೆ 30 ಚದರ ಮೀಟರ್ ಜಾಗ ಸಿಗಬೇಕು. ಬೆಳಗಿನಿಂದ ಗೂಟ ಕೀಳುವುದು, ನೆಡುವುದು ಇದೇ ಆಯಿತು. ಉದ್ದ ಹೆಚ್ಚಿಸಿದರೆ ಅಗಲ ಸಾಲದು. ಕೊನೆಗೆ ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಿದ್ದಾನೆ ಎಂದು ತೀರ್ಮಾನಿಸಿದರು.

ಹತ್ತನೇ ಕ್ಲಾಸಿನ ನನ್ನ ಮಗಳು ವರ್ಗ ಸಮೀಕರಣ ಬರೆದು, "ಮಾವ, ಶೋಧಕ, ಅಂದ್ರೆ ಸಮೀಕರಣಕ್ಕೆ ಎಷ್ಟು ಉತ್ತರ ಅಂತ ಹೇಳೋ ಸಂಖ್ಯೆ, ಮೈನಸ್ 20 ಬಂತು. ಇದಕ್ಕೆ ವಾಸ್ತವ ಮೂಲಗಳೇ ಇಲ್ಲ, ಅಂದ್ರೆ ಅಳೆದು ಕಟ್ಟೋಕಾಗುವ ಉತ್ತರವೇ ಇಲ್ಲ" ಎಂದಳು. 25 ಚದರ ಮೀಟರ್ ಸಾಕು ಎಂದರೆ ಶೋಧಕ ಸೊನ್ನೆ, ಉತ್ತರ ಒಂದೇ: ನಾಲ್ಕೂ ಕಡೆ 5 ಮೀಟರ್. ಆಯತ ಕಟ್ಟಿದರೆ ಅದಕ್ಕಿಂತ ಜಾಸ್ತಿ ಜಾಗ ಆ ಜಾಲರಿಯಲ್ಲಿ ಹುಟ್ಟುವುದಿಲ್ಲ.

"ಪಿಯುಸಿಯಲ್ಲಿ ಮಿಶ್ರ ಸಂಖ್ಯೆ (ಕಾಂಪ್ಲೆಕ್ಸ್ ನಂಬರ್) ಬರುತ್ತಂತೆ. ಆಗ ಇದಕ್ಕೂ ಎರಡು ಉತ್ತರ ಸಿಗುತ್ತೆ."

"ಅಲ್ಲೀತನಕ ಕೋಳಿ ಎಲ್ಲಿಡ್ಲಿ?" ಎಂದರು ಭಾವ.

ಶೋಧಕ ಸೊನ್ನೆಗಿಂತ ದೊಡ್ಡದಾದರೆ ಎರಡು ಉತ್ತರ. ಎರಡಕ್ಕಿಂತ ಹೆಚ್ಚು ಯಾವತ್ತೂ ಇಲ್ಲ. ಆದರೆ ಮನೆಗಳಲ್ಲಿ ಜಗಳ ಹತ್ತಲು ಎರಡು ಧಾರಾಳ ಸಾಕು, ಅಲ್ವಾ?

ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ 'ಬೀಜಗಣಿತ'ದಲ್ಲಿ ಮಂಗಗಳ ಲೆಕ್ಕ ಕೊಟ್ಟಿದ್ದಾರೆ. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಕುಣಿಯುತ್ತಿವೆ. ಉಳಿದ 12 ಗುಡ್ಡದ ಮೇಲೆ ಕಿರುಚುತ್ತಿವೆ. ಒಟ್ಟು ಎಷ್ಟು? ಮಗಳು ಅದನ್ನು ಜೋರಾಗಿ ಓದಿ ಬಿಡಿಸಿದಳು. 16 ಎಂದರೂ ತಾಳೆಯಾಗುತ್ತದೆ: 4 ಮತ್ತು 12. 48 ಎಂದರೂ ತಾಳೆ: 36 ಮತ್ತು 12.

ತೋಟದ ಬಾಳೆಯಲ್ಲಿ ಅರ್ಧ ಮಂಗಗಳಿಗೇ ಹೋಗುವ ಊರು ನಮ್ಮದು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು.

"ಅಥವಾ ಅಂದ್ರೆ ಏನೇ? ಹದಿನಾರಾದ್ರೆ ನಾನೊಬ್ಬಳೇ ಓಡಿಸ್ತೀನಿ. ನಲವತ್ತೆಂಟಾದ್ರೆ ಈ ವರ್ಷದ ಗೊನೆ ಆಸೆ ಬಿಡ್ಬೇಕು. ಸರಿಯಾಗಿ ಎಣಿಸಿ ಹೇಳು."

"ಅಜ್ಜಿ, ಎರಡೂ ಸರಿ!"

"ಹಾಗಾದ್ರೆ ನಿಮ್ಮ ಭಾಸ್ಕರಾಚಾರ್ಯರು ತೋಟ ಮಾಡಿದವರಲ್ಲ ಬಿಡು."

ಸಮಾಧಾನಕ್ಕೆಂದು ಮಗಳು ಅದೇ ಪುಸ್ತಕದ ಇನ್ನೊಂದು ಲೆಕ್ಕ ತೆಗೆದಳು. ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ವರ್ಗ ಮಾಡಿದಷ್ಟು ಮಂಗಗಳು ಗುಹೆಯೊಳಗೆ. ಒಂದು ಕೊಂಬೆಯ ಮೇಲೆ. ಉತ್ತರ 50 ಅಥವಾ 5. ಇಲ್ಲಿ ಮಾತ್ರ ಆಚಾರ್ಯರು ಒಂದನ್ನು ಕೈಬಿಟ್ಟಿದ್ದಾರೆ. 5ರ ಐದನೇ ಒಂದು ಭಾಗ 1. ಅದರಲ್ಲಿ 3 ಕಳೆದರೆ ಮೈನಸ್ 2. ಮೈನಸ್ ಮಂಗಗಳನ್ನು ಜನ ಒಪ್ಪುವುದಿಲ್ಲ. ಹಾಗಾಗಿ 50 ಒಂದೇ ಸರಿ.

ಅಮ್ಮ ಈಳಿಗೆಮಣೆ ಮಡಚಿ ಎದ್ದರು.

"ಬಿಡೋದೇ ಆಗಿದ್ರೆ ಆ ಐವತ್ತನ್ನ ಬಿಡಬಾರ್ದಿತ್ತಾ?"