ಗೇಮ್ ಅಂದ ಕೂಡಲೇ ಬೈಯಬೇಡಿ

ಕಲಿಕೆಯ ವಿಡಿಯೋ ಗೇಮ್‌ಗಳಿಂದ ಮಕ್ಕಳ ಮನಸ್ಸಿಗೂ ಒಳ್ಳೆಯದಾಗಬಹುದು ಎನ್ನುವ ಒಂದು ಲೇಖನವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. 'ಮೊಬೈಲೇ ರೋಗ, ಇನ್ನು ಅದೇ ಮದ್ದಾ?' ಎಂದು ಎಲ್ಲರೂ ನಕ್ಕರು. ನನಗೆ ಹಾಗನ್ನಿಸಲಿಲ್ಲ.

ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದವರು 'ಸ್ಪಾರ್ಕ್ಸ್' ಎಂಬ ಗೇಮ್ ಮಾಡಿದ್ದಾರೆ. ಒಟ್ಟು 7 ಹಂತ. 'ನನ್ನ ಕೈಲಿ ಏನೂ ಆಗಲ್ಲ' ಎಂಬಂಥ ಯೋಚನೆಗಳೇ ಅಲ್ಲಿ ನುಸಿಗಳಂತೆ ಹಾರಿ ಬರುತ್ತವೆ, ಆಡುವವರು ಅವನ್ನು ಹೊಡೆದು ಓಡಿಸಬೇಕು. ಎಷ್ಟು ಚೆಂದದ ಉಪಾಯ ಅಲ್ವಾ! ನಿಧಾನವಾಗಿ ಉಸಿರಾಡುವುದು, ಸಮಸ್ಯೆಯನ್ನು ಬಿಡಿಸಿ ನೋಡುವುದು, ಇದನ್ನೆಲ್ಲ ಆಡುತ್ತಲೇ ಕಲಿಯುತ್ತಾರೆ. ಖಿನ್ನತೆಯ ಲಕ್ಷಣವಿದ್ದ 12ರಿಂದ 19 ವರ್ಷದ 187 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಸಮಾಲೋಚನೆಗಿಂತ ಗೇಮ್ ಏನೂ ಕಡಿಮೆ ಇರಲಿಲ್ಲ.

ಆದರೆ ಎಲ್ಲ ಗೇಮೂ ಹಾಗಲ್ಲ. ಹೋದ ವರ್ಷ ನಾನೇ 9ನೇ ತರಗತಿಗೆ ಒಂದು ಗಣಿತದ ಕ್ವಿಜ್ ಗೇಮ್ ಆಡಿಸಿದೆ. ಪ್ರತಿ ಪ್ರಶ್ನೆ ಮುಗಿದ ಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ಪರದೆ ಮೇಲೆ ಹೆಸರು ಬರುತ್ತಿತ್ತು. ಕೊನೆಯಲ್ಲಿದ್ದ ಹುಡುಗಿ ಅಳುತ್ತಾ ಹೊರಗೆ ಹೋದಳು. ಪರೀಕ್ಷೆಯ ಭಯ ಕಳೆಯಲು ಹೋಗಿ ಇನ್ನೊಂದು ಪರೀಕ್ಷೆ ಇಟ್ಟಂತಾಯಿತು. ತಪ್ಪು ನನ್ನದೇ. ಈಗ ಅಂಕಪಟ್ಟಿ ಮುಚ್ಚಿಟ್ಟು, ಇಬ್ಬಿಬ್ಬರನ್ನು ಜೋಡಿ ಮಾಡಿ ಆಡಿಸುತ್ತೇನೆ. ಗಲಾಟೆ ಜಾಸ್ತಿ, ಅಳು ಇಲ್ಲ.

ಮಗು ಸುಮ್ನೆ ಮಂಕಾಗಿಲ್ಲ, ನಿಜಕ್ಕೂ ಕುಗ್ಗಿದೆ ಅನ್ನಿಸಿದರೆ ಗೇಮ್ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.