ನಾಟಿ ಬೀಜ ರೈತರ ಹೊಲದಲ್ಲೇ ಉಳಿಯಬೇಕಾ? ಪರ – ವಿರೋಧ

ಪರ: ಮಳೆ ಕಂಡ ಬೀಜವೇ ಬೀಜ

ಕುಮಟಾ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಒಡ್ಡಿನ ಈಚೆ ಗದ್ದೆ, ಆಚೆ ಹಿನ್ನೀರು. ಬೇಸಿಗೆಯಲ್ಲಿ ಅಲ್ಲಿನ ಮಣ್ಣೆಲ್ಲ ಉಪ್ಪು. ಮಳೆ ಹಿಡಿದು ಉಪ್ಪು ತೊಳೆದು ಹೋದ ಮೇಲೆ ಮಾಣಿಕಟ್ಟದ ಕಡೆಯ ರೈತರು ಕಗ್ಗ ಅನ್ನೋ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರ, ಔಷಧಿ ಕೇಳುವುದಿಲ್ಲ. ಕೊಯ್ಲಾದ ಮೇಲೆ ಉಳಿದ ಕೂಳೆ ಅದೇ ಗದ್ದೆಯ ಮೀನು, ಸಿಗಡಿಗೆ ಆಸರೆ.

ಈ ಗುಣ ಯಾವ ಲ್ಯಾಬಿನಿಂದಲೂ ಬಂದಿದ್ದಲ್ಲ. ಉಪ್ಪಿಗೆ ಜಗ್ಗದ ಗಿಡದ ಕಾಳನ್ನೇ ತಲೆಮಾರುಗಳಿಂದ ಬೀಜಕ್ಕೆ ಇಟ್ಟುಕೊಂಡು ಬಂದಿದ್ದರಿಂದ ಬಂದಿದ್ದು.

ಬೀಜ ಬ್ಯಾಂಕಿನಲ್ಲಿಟ್ಟರೆ ಸಾಕಲ್ವಾ ಅಂತ ಕೇಳುತ್ತಾರೆ. ಬ್ಯಾಂಕ್ ಖಂಡಿತ ಬೇಕು. ಆದರೆ ತಣ್ಣನೆಯ ಪೊಟ್ಟಣದಲ್ಲಿ ಇಪ್ಪತ್ತು ವರ್ಷ ಮಲಗಿದ ಬೀಜ ಆ ಇಪ್ಪತ್ತು ವರ್ಷದ ಮಳೆ, ಬಿಸಿಲು, ರೋಗ ಯಾವುದನ್ನೂ ಕಂಡಿರುವುದಿಲ್ಲ. ಒಡ್ಡಿನ ತೂಬು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನೋ ತಿಳಿವಳಿಕೆ ಆ ಪೊಟ್ಟಣದಲ್ಲಿ ಎಲ್ಲಿದೆ? ಬಿತ್ತುವುದು ನಿಂತರೆ ಅದೂ ಹೋಯಿತು.

ಒಂದೇ ಬಗೆಯನ್ನು ನಂಬಿದರೆ ಏನಾಗುತ್ತದೆ ಅಂತ ಅಮೆರಿಕ 1970ರಲ್ಲಿ ಕಂಡಿತು. ಅಲ್ಲಿನ ಮೆಕ್ಕೆಜೋಳದ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಒಂದೇ ಮೂಲದಿಂದ ಬಂದವು. ಒಂದು ಎಲೆರೋಗ ಬಂದು ಸುಮಾರು ಶೇ. 15ರಷ್ಟು ಬೆಳೆ ಹೋಯಿತು. ನಮ್ಮ ಬಯಲುಸೀಮೆಯವರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದುದು ಸುಮ್ನೆ ಅಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ ಚಳಿಗಾಲದ ಇಬ್ಬನಿಗೆ ಅವರೆ ಕಾಯಿ ಕಟ್ಟುತ್ತಿತ್ತು. ಮನೆಯಲ್ಲಿ ಸಾರಿಗೆ ಕೊರತೆ ಇರುತ್ತಿರಲಿಲ್ಲ.

ವಿರೋಧ: ಈ ಹೊರೆ ಯಾರ ತಲೆ ಮೇಲೆ?

ಕೊಯ್ಲಿಗೆ ವಾರ ಇದ್ದಾಗ ಗಾಳಿಮಳೆಗೆ ಮಲಗಿದ ನಾಟಿ ಭತ್ತದ ಗದ್ದೆಗೆ ಇಳಿದು ನೋಡಿ. ಕಾಂಡ ಉದ್ದ, ತೆನೆಯೆಲ್ಲ ನೀರಿಗೆ ಒರಗಿರುತ್ತದೆ. ಎರಡು ದಿನ ಬಿಟ್ಟರೆ ತೆನೆಯಲ್ಲೇ ಮೊಳಕೆ. ಮಷಿನ್ ಎತ್ತುವುದಿಲ್ಲ, ಬಗ್ಗಿ ಕುಡುಗೋಲಿನಲ್ಲೇ ಕೊಯ್ಯಬೇಕು. ಆಳು ಎಲ್ಲಿ ಸಿಗುತ್ತಾರೆ? ಅಕ್ಕಡಿ ಸಾಲಿನ ಕಥೆಯೂ ಅಷ್ಟೇ. ಒಂದೊಂದು ಬೆಳೆ ಒಂದೊಂದು ಸಲ ಬಲಿಯುತ್ತದೆ. ಮನೆ ತುಂಬ ಜನ ಇದ್ದ ಕಾಲಕ್ಕೆ ಅದು ಸರಿ ಇತ್ತು.

ಹೊಸ ತಳಿಯನ್ನು ಶತ್ರು ಅಂತ ಕೆಲವರು ಆಡುವ ಮಾತು ನನಗೆ ನೋವು ತರುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಬಡವರ ಮನೆಯ ವಾಡೆ ತುಂಬಿತು. ನಾಟಿ ರಾಗಿಯೇ ಸಾಕು ಅಂತ ಕೂತಿದ್ದರೆ ಇದು ಆಗುತ್ತಿತ್ತಾ?

ವೈವಿಧ್ಯ ಬೇಡ ಅಂತ ನಾನು ಹೇಳುತ್ತಿಲ್ಲ. ಏಷ್ಯಾದ ಭತ್ತಕ್ಕೆ ಗ್ರಾಸಿ ಸ್ಟಂಟ್ ಅನ್ನೋ ವೈರಸ್ ಬಿದ್ದಾಗ, ಸಾವಿರಾರು ಮಾದರಿ ಜಾಲಾಡಿದ ಮೇಲೆ ಅದನ್ನು ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ. 1976ರಲ್ಲಿ ಬಂದ ಐಆರ್36 ಅನ್ನೋ ಭತ್ತದ ತಳಿಗೆ ಆ ಗುಣ ಬಂತು. ಆ ಕಾಡುಭತ್ತವನ್ನು ಯಾವ ರೈತನೂ ನಷ್ಟ ಮಾಡಿಕೊಂಡು ಬೆಳೆದಿರಲಿಲ್ಲ. ಫಿಲಿಪ್ಪೀನ್ಸ್‌ನ ಸಂಶೋಧನಾ ಸಂಸ್ಥೆಯ ಸಂಗ್ರಹದಲ್ಲಿತ್ತು. ಹೆಚ್ಚಿನ ತಳಿಗಳಿಗೆ ಆ ಜಾಗ ಸಾಕು ಅನ್ನೋದು ನನ್ನ ಮಾತು. ಕಗ್ಗದಂಥದ್ದು ಬೇರೆ. ಆ ಉಪ್ಪುಮಣ್ಣಿನಲ್ಲಿ ಅದಕ್ಕೆ ಸಾಟಿಯಿಲ್ಲ, ಬೆಳೆಯಲಿ.

ಉಳಿದ ಕಡೆ ಲೆಕ್ಕ ನೋಡಿ. ಸರ್ಕಾರದ ಬೆಂಬಲ ಬೆಲೆಯಲ್ಲಿ ಭತ್ತಕ್ಕೆ ಇರುವುದು ಎರಡೇ ದರ, ಸಾಮಾನ್ಯ ಮತ್ತು ಎ ಗ್ರೇಡ್. ರತ್ನಚೂಡಿ, ಗಂಧಸಾಲೆ ಅಂತ ನಾಟಿ ಭತ್ತದ ಹೆಸರು ಹೇಳಿದರೆ ಅಲ್ಲಿ ಒಂದು ರೂಪಾಯಿಯೂ ಜಾಸ್ತಿ ಇಲ್ಲ. ನಾಲ್ಕು ಚೀಲ ಬೇರೆ ಭತ್ತ ಒಯ್ದರೆ ಮಿಲ್‌ನವರು ಬೇರೆಯಾಗಿ ಮಾಡಿಸಿಕೊಡಲು ಹಿಂದೆಮುಂದೆ ನೋಡುತ್ತಾರೆ. ಊರಿಗೆಲ್ಲ ಬೇಕಾದ ಬೀಜ ಅಂದಮೇಲೆ ಕಡಿಮೆಯಾದ ಇಳುವರಿಯ ದುಡ್ಡನ್ನೂ ಊರೇ ಕೊಡಲಿ. ಎರಡು ಎಕರೆಯವನ ಹತ್ತಿರ ಅದನ್ನು ಕೇಳಬೇಡಿ.